ಎರಡು ಮನೆಯ ಎಲೆಹುಳು



ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಬ್ಯಾಂಕಿನ ಸಾಲದಿಂದ ತಂದ ಒಂದು ಎಮ್ಮೆ ಇತ್ತು. ಅದರ ಕಿವಿಗೆ ವಿಮೆಯ ಓಲೆ ಹಾಕಿದ್ದರು. ಶಾಲೆ ಬಿಟ್ಟ ಮೇಲೆ ಅದನ್ನು ಮೇಯಿಸುವ ಕೆಲಸ ನನ್ನದು. ನಮ್ಮದು ನಾಲೆ ನೀರಿನ ಊರು. ಬೇಸಿಗೆಯಲ್ಲಿ ಊರ ಸುತ್ತಲಿನ ಹುಲ್ಲೆಲ್ಲ ಒಣಗಿ ಹೋದರೂ ನಾಲೆಯ ಅಂಚಿನಲ್ಲಿ, ನೀರು ಜಿನುಗುವ ಕಡೆ ಮಾತ್ರ ಎಳೆಯ ಹುಲ್ಲು ಹಸಿರಾಗಿ ನಿಂತಿರುತ್ತಿತ್ತು. ಎಮ್ಮೆಯನ್ನು ಅಲ್ಲಿಗೇ ಹೊಡೆದುಕೊಂಡು ಹೋಗುತ್ತಿದ್ದೆ. ಒಳ್ಳೆಯ ಹುಲ್ಲು ಹುಡುಕಿ ಮೇಯಿಸುವ ಹುಡುಗನೆಂದು ಮನೆಯಲ್ಲಿ ನನಗೆ ಶಹಬ್ಬಾಸ್‌ಗಿರಿಯೂ ಸಿಗುತ್ತಿತ್ತು.

ಕೆಲವು ತಿಂಗಳ ನಂತರ ಎಮ್ಮೆ ಸೊರಗತೊಡಗಿತು. ಹಾಲು ಕಡಿಮೆಯಾಯಿತು. ಮೈಯ ಕೂದಲು ಒರಟಾಯಿತು. ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿತು. ಕೊನೆಕೊನೆಗೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಜೋತಾಡುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಅಜ್ಜಿ ದೃಷ್ಟಿ ತೆಗೆದಳು. ಎಮ್ಮೆ ಉಳಿಯಲಿಲ್ಲ.

ವಿಮೆ ಇದ್ದುದರಿಂದ ಪಶುವೈದ್ಯರು ಬಂದು ಸತ್ತ ಎಮ್ಮೆಯನ್ನು ಕೊಯ್ದು ಪರೀಕ್ಷಿಸಿದರು. ಪಿತ್ತಜನಕಾಂಗವನ್ನು, ಅಂದರೆ ಮಾಂಸದಂಗಡಿಯಲ್ಲಿ ಕಲೇಜಿ ಎನ್ನುವ ಅಂಗವನ್ನು ಹೊರತೆಗೆದು ಕತ್ತರಿಸಿದಾಗ ಕರಕರ ಸದ್ದಾಯಿತು. ಒಳಗಿನ ಪಿತ್ತನಾಳಗಳು ಗಟ್ಟಿಯಾಗಿ ಬೆಳ್ಳಗಾಗಿದ್ದವು. ವೈದ್ಯರು ಒಂದು ನಾಳವನ್ನು ಒತ್ತಿದರು. ಅದರ ಬಾಯಿಂದ ಹುಣಸೆ ಎಲೆಯ ಬಣ್ಣ ಮಾಸಿದಂತಿದ್ದ, ಚಪ್ಪಟೆಯಾದ, ಬೆರಳುದ್ದದ ಒಂದು ಹುಳು ಜಾರಿ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. “ಇವು ಹುಲ್ಲಿನ ಜೊತೆ ಹೊಟ್ಟೆಗೆ ಹೋದವು” ಎಂದಷ್ಟೇ ಹೇಳಿ ಅವರು ಕೈ ತೊಳೆದುಕೊಂಡರು.

ನನಗೆ ಅರ್ಥವಾಗಲಿಲ್ಲ. ದಿನವೂ ಆ ಹುಲ್ಲನ್ನು ನೋಡುತ್ತಿದ್ದವನು ನಾನು. ಅಂಥ ಹುಳುವನ್ನು ಒಂದು ದಿನವೂ ಕಂಡಿರಲಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಎಂ.ಎಸ್ಸಿ. ತರಗತಿಯಲ್ಲಿ. ಆ ಉತ್ತರವನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಲೆಹುಳುವಿನ ಬಂಧು ಬಳಗ

ನಮ್ಮ ಎಮ್ಮೆಯೊಳಗಿದ್ದ ಹುಳುವಿನ ವೈಜ್ಞಾನಿಕ ಹೆಸರು ಫ್ಯಾಸಿಯೋಲ ಜೈಗ್ಯಾಂಟಿಕ. ಫ್ಯಾಸಿಯೋಲ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಪಟ್ಟಿ. ಜೈಗ್ಯಾಂಟಿಕ ಎಂದರೆ ದೈತ್ಯ. ಇದು 7 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. 1855ರಲ್ಲಿ ಇಂಗ್ಲೆಂಡಿನ ಕಾಬೋಲ್ಡ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದ್ದು ದನದಿಂದಲ್ಲ, ಒಂದು ಜಿರಾಫೆಯಿಂದ! ಇದರ ಚಿಕ್ಕ ಸೋದರ ಫ್ಯಾಸಿಯೋಲ ಹೆಪಾಟಿಕ. ಅದಕ್ಕೆ 1758ರಲ್ಲಿ ಲಿನ್ನೇಯಸ್ ಹೆಸರಿಟ್ಟರು. ತಂಪಾದ ನಾಡುಗಳು ಅದಕ್ಕೆ ಇಷ್ಟ. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ಕಡೆ ಅದು ಸಿಗುತ್ತದೆ. ಬಯಲು ನಾಡಿನಲ್ಲಿ ಹೆಚ್ಚಾಗಿ ಕಾಣುವುದು ದೈತ್ಯನೇ.

ಇಂಗ್ಲಿಷಿನಲ್ಲಿ ಈ ಗುಂಪಿಗೆ ಫ್ಲೂಕ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದು ಒಂದು ಚಪ್ಪಟೆ ಮೀನಿನ ಹೆಸರು. ನಾವು ಆಕಾರ ನೋಡಿ ಎಲೆಹುಳು ಎನ್ನೋಣ. ಗಿಡದ ಎಲೆ ತಿನ್ನುವ ಹುಳುವಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ನೆನಪಿರಲಿ.

ಪ್ರಾಣಿಗಳನ್ನು ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ವಿಂಗಡಿಸುವುದನ್ನು ನೀವು ಓದಿರಬಹುದು. ಎಲೆಹುಳುಗಳು ಪ್ಲಾಟಿಹೆಲ್ಮಿಂಥಿಸ್ ವಂಶಕ್ಕೆ, ಅಂದರೆ ಚಪ್ಪಟೆ ಹುಳುಗಳ ವಂಶಕ್ಕೆ ಸೇರಿವೆ. ಈ ವಂಶದಲ್ಲಿ ಕೆರೆಯ ಕಲ್ಲಿನಡಿ ಯಾರ ಹಂಗೂ ಇಲ್ಲದೆ ಬದುಕುವ ಪ್ಲನೇರಿಯವೂ ಇದೆ, ಕರುಳಿನಲ್ಲಿ ಮೀಟರುಗಟ್ಟಲೆ ಬೆಳೆಯುವ ಲಾಡಿಹುಳುವೂ ಇದೆ. ಎಲೆಹುಳುಗಳ ವರ್ಗದ ಹೆಸರು ಟ್ರೆಮಟೋಡ. ಗ್ರೀಕ್ ಭಾಷೆಯಲ್ಲಿ ‘ಟ್ರೆಮ’ ಎಂದರೆ ತೂತು. ಇವುಗಳ ಮೈಮೇಲೆ ತೂತಿನಂತೆ ಕಾಣುವ ಹೀರುಬಟ್ಟಲುಗಳಿವೆ. ನಿಜಕ್ಕೂ ಅವೆಲ್ಲ ತೂತುಗಳಲ್ಲ. ಬಾಟಲಿಯ ಬಾಯಿಗೆ ತುಟಿಯಿಟ್ಟು ಗಾಳಿ ಎಳೆದರೆ ತುಟಿ ಅಂಟಿಕೊಳ್ಳುತ್ತದಲ್ಲ, ಹಾಗೆ ಅಂಟಿ ಹಿಡಿದುಕೊಳ್ಳುವ ಅಂಗಗಳು.

ಫ್ಯಾಸಿಯೋಲದಲ್ಲಿ ಒಂದು ಬಟ್ಟಲು ಮುಂತುದಿಯಲ್ಲಿ ಬಾಯಿಯ ಸುತ್ತ, ಇನ್ನೊಂದು ಅದರ ಸ್ವಲ್ಪ ಹಿಂದೆ ಹೊಟ್ಟೆಯ ಮೇಲೆ ಇದೆ. ಹಿಂದಿನ ಕಾಲದವರು ಎರಡೂ ಬಾಯಿಗಳೆಂದು ಭ್ರಮಿಸಿ ಇದನ್ನು ‘ಡಿಸ್ಟೋಮ’ ಎಂದು ಕರೆದಿದ್ದರು, ಎರಡು ಬಾಯಿಯದು ಎಂದು. ಅಸಲಿಗೆ ಇದಕ್ಕೆ ಒಂದೇ ಬಾಯಿ, ಗುದದ್ವಾರವೇ ಇಲ್ಲ. ತಿಂದದ್ದರಲ್ಲಿ ಬೇಡವಾದದ್ದು ಬಂದ ದಾರಿಯಲ್ಲೇ ಹೊರಗೆ ಹೋಗಬೇಕು!

ಬಟ್ಟಲು ಎಲ್ಲಿದೆ ಎಂದು ನೋಡಿ ಗುಂಪು ಮಾಡುವುದು ಹಳೆಯ ಪದ್ಧತಿ. ಇಂದಿಗೂ ಪಶುವೈದ್ಯರಿಗೆ ಅದು ಅನುಕೂಲ. ಎರಡನೆಯ ಬಟ್ಟಲು ಮೈಯ ಹಿಂತುದಿಗೆ ಹೋಗಿದ್ದರೆ ಅದು ಆಂಫಿಸ್ಟೋಮ್. ದನ, ಕುರಿಗಳ ಮೊದಲ ಹೊಟ್ಟೆಯ ಗೋಡೆಗೆ ದಾಳಿಂಬೆ ಕಾಳು ಅಂಟಿಸಿದಂತೆ ಕಾಣುವ ಕೆಂಪಗಿನ ದಪ್ಪ ಹುಳುಗಳು ಇವೇ. ಇವು ಎಲೆಯಂತೆ ಚಪ್ಪಟೆಯಾಗಿಲ್ಲ. ಆದರೂ ಬಂಧುಗಳೇ. ದೊಡ್ಡವು ಹೊಟ್ಟೆಯಲ್ಲಿ ಸುಮ್ಮನೆ ಅಂಟಿಕೊಂಡಿರುತ್ತವೆ. ಕರುಳಿನಲ್ಲಿರುವ ಅವುಗಳ ಮರಿಗಳೇ ವಿಪರೀತ ಭೇದಿ ತರಿಸಿ ಕರುಗಳನ್ನು ಕೊಲ್ಲುವುದು.

ಮೂರನೆಯ ಗುಂಪು ಶಿಸ್ಟೋಸೋಮ. ಇವು ರಕ್ತನಾಳದಲ್ಲಿ ಬದುಕುವ ಸಪೂರ ಹುಳುಗಳು. ಬೇರೆ ಎಲೆಹುಳುಗಳಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಒಂದೇ ಹುಳುವಿನಲ್ಲಿ ಎರಡೂ ಅಂಗಗಳಿರುತ್ತವೆ, ಅಂದರೆ ದ್ವಿಲಿಂಗಿಗಳು. ಶಿಸ್ಟೋಸೋಮದಲ್ಲಿ ಮಾತ್ರ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಮೈಯ ಅಂಚುಗಳು ಮಡಿಚಿಕೊಂಡು ಒಂದು ತೋಡಿನಂತಾಗಿರುತ್ತವೆ. ತೆಳ್ಳಗಿನ ಹೆಣ್ಣು ಆ ತೋಡಿನಲ್ಲೇ ವಾಸಿಸುತ್ತದೆ.

ಮೀನಿನ ಕಿವಿರಿಗೂ ಮೈಗೂ ಕೊಕ್ಕೆ ಹಾಕಿ ಅಂಟಿಕೊಳ್ಳುವ ಇನ್ನೊಂದು ಬಗೆಯ ಚಪ್ಪಟೆ ಹುಳುಗಳಿವೆ. ಹಳೆಯ ಪುಸ್ತಕಗಳಲ್ಲಿ ಅವನ್ನೂ ಟ್ರೆಮಟೋಡ ವರ್ಗದಲ್ಲೇ ಸೇರಿಸಿದ್ದರು. ಈಗ ಅವು ಮಾನೋಜೀನಿಯ ಎಂಬ ಪ್ರತ್ಯೇಕ ವರ್ಗ. ಬೇರೆ ಮಾಡಲು ಮುಖ್ಯ ಕಾರಣಗಳಲ್ಲಿ ಒಂದು ಅವುಗಳ ಬದುಕಿನ ರೀತಿ. ಮಾನೋಜೀನಿಯಕ್ಕೆ ಒಂದೇ ಮನೆ ಸಾಕು. ಮೀನಿನ ಮೇಲಿನ ಹುಳು ಮೊಟ್ಟೆಯಿಟ್ಟರೆ, ಮರಿ ಈಜಿಕೊಂಡು ಹೋಗಿ ಇನ್ನೊಂದು ಮೀನನ್ನು ಹಿಡಿಯುತ್ತದೆ. ನಮ್ಮ ಎಲೆಹುಳುಗಳು ಸೇರಿರುವ ಉಪವರ್ಗದ ಹೆಸರು ಡೈಜೀನಿಯ. ‘ಡೈ’ ಎಂದರೆ ಎರಡು. ಇವಕ್ಕೆ ಎರಡು ಮನೆ ಬೇಕೇ ಬೇಕು. ಕೆಲವಕ್ಕೆ ಮೂರು.

ಪರಾವಲಂಬಿ ಜೀವಿಗೆ ಮನೆಯಾಗುವ ಪ್ರಾಣಿಯನ್ನು ಆತಿಥೇಯ ಎನ್ನುತ್ತಾರೆ. ಕರೆಯದೆ ಬಂದು ಕೂತವನಿಗೆ ಅತಿಥಿಯ ಮರ್ಯಾದೆ ಯಾಕೋ ನನಗೆ ಗೊತ್ತಿಲ್ಲ, ಪದ ಮಾತ್ರ ಹಾಗಿದೆ.

ಬೇರೆ ಬೇರೆ ಪ್ರಾಣಿಗಳೆಂದು ತಿಳಿದಿದ್ದರು

ಕುರಿಗಳ ಪಿತ್ತಜನಕಾಂಗದಲ್ಲಿ ಹುಳುವಿರುವುದು ಜನರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಫ್ರಾನ್ಸಿನ ಝಾನ್ ದ ಬ್ರೀ ಎಂಬಾತ 1379ರಲ್ಲಿ ಕುರಿ ಸಾಕಣೆಯ ಬಗ್ಗೆ ಬರೆದಾಗಲೇ ಇದನ್ನು ಹೇಳಿದ್ದ. ಆದರೆ ಹುಳು ಎಲ್ಲಿಂದ ಬರುತ್ತದೆ ಎಂಬುದು ತಿಳಿಯಲು ಇನ್ನೂ 500 ವರ್ಷ ಬೇಕಾಯಿತು. ಇಷ್ಟು ತಡವಾದದ್ದೇಕೆ?

ಹುಳುವಿನ ಮೊಟ್ಟೆಯಿಂದ ಹುಳುವಿನಂಥ ಮರಿಯೇ ಬರುತ್ತದೆ ಎಂದು ಎಲ್ಲರೂ ಹುಡುಕುತ್ತಿದ್ದರು. ಬರುವುದು ಅದಲ್ಲ. ಕೊಳದ ನೀರಿನಲ್ಲಿ ಬಾಲವಿರುವ ಸೂಕ್ಷ್ಮ ಜೀವಿಗಳನ್ನು ಕಂಡ ಡೆನ್ಮಾರ್ಕಿನ ಮ್ಯುಲ್ಲರ್ 1773ರಲ್ಲಿ ಅವಕ್ಕೆ ‘ಸರ್ಕೇರಿಯ’ ಎಂದು ಹೆಸರಿಟ್ಟು, ಅವು ತಮ್ಮಷ್ಟಕ್ಕೆ ಬದುಕುವ ಬೇರೆಯೇ ಪ್ರಾಣಿಗಳೆಂದು ತಿಳಿದರು. ಬಸವನಹುಳುವಿನ ಮೈಯೊಳಗೆ ಸಿಕ್ಕ ಚೀಲದಂಥ ಜೀವಿಗಳಿಗೆ ಇನ್ನಾರೋ ಇನ್ನೇನೋ ಹೆಸರಿಟ್ಟರು. ಒಂದೇ ಪ್ರಾಣಿಯ ಬಾಲ್ಯ, ಯೌವನಗಳಿಗೆ ಬೇರೆ ಬೇರೆ ಹಾಜರಿ ಪುಸ್ತಕ! ಕೊನೆಗೆ ಡೆನ್ಮಾರ್ಕಿನವರೇ ಆದ ಸ್ಟೀನ್‌ಸ್ಟ್ರುಪ್ 1842ರಲ್ಲಿ ಇವೆಲ್ಲ ಒಂದೇ ಜೀವಿಯ ತಲೆಮಾರುಗಳು, ಒಂದು ತಲೆಮಾರು ಮುಂದಿನದರಂತೆ ಕಾಣುವುದಿಲ್ಲ ಅಷ್ಟೇ, ಎಂದು ತೋರಿಸಿಕೊಟ್ಟರು.

ಆದರೂ ಕುರಿಯ ಹುಳುವಿಗೆ ಯಾವ ಬಸವನಹುಳು ಮನೆ ಎಂದು ತಿಳಿದಿರಲಿಲ್ಲ. 1879–80ರಲ್ಲಿ ಇಂಗ್ಲೆಂಡಿನಲ್ಲಿ ವಿಪರೀತ ಮಳೆಯಾಗಿ, ಸುಮಾರು 30 ಲಕ್ಷ ಕುರಿಗಳು ಈ ರೋಗದಿಂದ ಸತ್ತವು. ಅಲ್ಲಿನ ರಾಯಲ್ ಕೃಷಿ ಸಂಘ ಹಣ ಕೊಟ್ಟು, ಆಕ್ಸ್‌ಫರ್ಡಿನ ಎ. ಪಿ. ಥಾಮಸ್ ಎಂಬ ತರುಣ ಪ್ರಾಣಿವಿಜ್ಞಾನಿಗೆ ಕಾರಣ ಹುಡುಕುವ ಕೆಲಸ ವಹಿಸಿತು. ಅವರು ಒಂದು ಸಣ್ಣ ಬಸವನಹುಳುವಿನ ಮೇಲೆ ಅನುಮಾನಪಟ್ಟಿದ್ದರು. ಎಷ್ಟು ಹುಡುಕಿದರೂ ಅದು ಬೇಕಾದಷ್ಟು ಸಿಗಲಿಲ್ಲ. 1882ರ ಬೇಸಿಗೆಯಲ್ಲಿ ಊರ ನದಿ ಉಕ್ಕಿ, ಪ್ರವಾಹದ ನೀರೇ ಆ ಬಸವನಹುಳುಗಳನ್ನು ರಾಶಿರಾಶಿಯಾಗಿ ಹೊಲಗಳಿಗೆ ತಂದು ಹಾಕಿತು! ಅದೇ ಹೊತ್ತಿನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ರುಡಾಲ್ಫ್ ಲ್ಯೂಕಾರ್ಟ್ ಎಂಬ ಹಿರಿಯ ವಿಜ್ಞಾನಿಯೂ ಇದೇ ಕೆಲಸದಲ್ಲಿದ್ದರು. ಇಬ್ಬರೂ ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಅದೇ ಉತ್ತರಕ್ಕೆ ಬಂದರು. ಒಂದು ಪರಾವಲಂಬಿ ಎಲೆಹುಳುವಿನ ಪೂರ್ತಿ ಜೀವನಚಕ್ರ ಮನುಷ್ಯನಿಗೆ ತಿಳಿದದ್ದು ಅದೇ ಮೊದಲು.

ಸಗಣಿಯಿಂದ ಹುಲ್ಲಿನವರೆಗೆ

ಈಗ ನಮ್ಮ ಎಮ್ಮೆಗೆ ಹಿಂದಿರುಗೋಣ.

ಪಿತ್ತನಾಳದಲ್ಲಿರುವ ಒಂದು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಪಿತ್ತರಸದೊಂದಿಗೆ ಕರುಳಿಗೆ ಇಳಿದು ಸಗಣಿಯೊಂದಿಗೆ ಹೊರಬರುತ್ತವೆ. ಸಗಣಿ ಒಣ ನೆಲದಲ್ಲಿ ಬಿದ್ದು ಒಣಗಿದರೆ ಕಥೆ ಅಲ್ಲಿಗೇ ಮುಗಿಯಿತು. ನೀರಿಗೆ ಬಿದ್ದರೆ, ಅಥವಾ ಮಳೆ ಅದನ್ನು ತೊಳೆದು ನೀರಿಗೆ ಸೇರಿಸಿದರೆ, ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಗಳಲ್ಲಿ ಮೊಟ್ಟೆಯ ಮುಚ್ಚಳ ತೆರೆದು ಒಂದು ಮರಿ ಹೊರಬರುತ್ತದೆ. ಇದರ ಹೆಸರು ಮಿರಾಸಿಡಿಯಂ. ಮೈತುಂಬ ನವಿರಾದ ರೋಮಗಳು. ಅವನ್ನು ಹುಟ್ಟಿನಂತೆ ಬೀಸುತ್ತ ಈಜುತ್ತದೆ. ತಿನ್ನಲು ಇದಕ್ಕೆ ಬರುವುದಿಲ್ಲ. ಮೊಟ್ಟೆಯಿಂದ ತಂದ ಬುತ್ತಿ ಮುಗಿಯುವುದರೊಳಗೆ, ಅಂದರೆ ಹೆಚ್ಚೆಂದರೆ ಒಂದು ದಿನದೊಳಗೆ, ಸರಿಯಾದ ಬಸವನಹುಳು ಸಿಗಬೇಕು. ಸಿಗದಿದ್ದರೆ ಸಾವು. ಬಹುಪಾಲು ಮರಿಗಳ ಗತಿ ಇದೇ.

ಸಿಕ್ಕಿತೆನ್ನಿ. ಮರಿ ಬಸವನಹುಳುವಿನ ಮೃದುವಾದ ಮೈಯನ್ನು ಕೊರೆದು ಒಳನುಗ್ಗಿ, ರೋಮದ ಅಂಗಿ ಕಳಚಿ, ಬರೀ ಒಂದು ಚೀಲವಾಗುತ್ತದೆ. ಇದು ಸ್ಪೋರೋಸಿಸ್ಟ್. ಈ ಚೀಲದೊಳಗೆ ಬಾಯಿ, ಕರುಳು ಇರುವ ಇನ್ನೊಂದು ಬಗೆಯ ಮರಿಗಳು ಹುಟ್ಟುತ್ತವೆ. ಅವುಗಳ ಹೆಸರು ರೀಡಿಯ. ಮಾಂಸದ ಮೇಲೆ ಹುಳು ತಾನಾಗಿ ಹುಟ್ಟುವುದಿಲ್ಲ, ನೊಣದ ಮೊಟ್ಟೆಯಿಂದ ಹುಟ್ಟುತ್ತದೆ ಎಂದು 1668ರಲ್ಲಿ ಪ್ರಯೋಗ ಮಾಡಿ ತೋರಿಸಿದ ಇಟಲಿಯ ಫ್ರಾನ್ಸೆಸ್ಕೊ ರೆಡಿ ಗೊತ್ತಲ್ಲ? ಅವರ ಗೌರವಾರ್ಥ ಇಟ್ಟ ಹೆಸರು ಇದು. ರೀಡಿಯಗಳು ಬಸವನಹುಳುವಿನ ಅಂಗಗಳನ್ನು ತಿಂದು ಬೆಳೆದು, ಕೊನೆಗೆ ತಮ್ಮೊಳಗೆ ಬಾಲವಿರುವ ಸರ್ಕೇರಿಯಗಳನ್ನು ಹುಟ್ಟಿಸುತ್ತವೆ. ಒಳಹೊಕ್ಕದ್ದು ಒಂದು ಮರಿ, ಹೊರಬರುವುದು ನೂರಾರು! ದಾರಿಯಲ್ಲಿ ಸತ್ತ ಅಷ್ಟೂ ಮರಿಗಳ ನಷ್ಟವನ್ನು ಹುಳು ಬಸವನಹುಳುವಿನೊಳಗೆ ಬಡ್ಡಿ ಸಮೇತ ತುಂಬಿಕೊಳ್ಳುತ್ತದೆ.

ಒಂದೂವರೆ ಎರಡು ತಿಂಗಳ ನಂತರ ಸರ್ಕೇರಿಯಗಳು ಬಸವನಹುಳುವಿನಿಂದ ಹೊರಬಿದ್ದು, ಸ್ವಲ್ಪ ಹೊತ್ತು ಈಜಿ, ನೀರಂಚಿನ ಹುಲ್ಲು, ಜೊಂಡು, ಭತ್ತದ ಬುಡಕ್ಕೆ ಅಂಟಿಕೊಳ್ಳುತ್ತವೆ. ಬಾಲ ಕಳಚಿ ಬೀಳುತ್ತದೆ. ಸುತ್ತ ಗಟ್ಟಿಯಾದ ಕವಚ ಕಟ್ಟಿಕೊಂಡು ಸುಮ್ಮನೆ ಕಾಯುತ್ತವೆ. ಈ ಕೋಶದ ಹೆಸರು ಮೆಟಾಸರ್ಕೇರಿಯ. ಗಾತ್ರ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು, ಸಣ್ಣ ಮರಳಿನ ಕಣದಷ್ಟು. ಏಳನೆಯ ತರಗತಿಯ ಹುಡುಗ ಎಷ್ಟು ಕಣ್ಣರಳಿಸಿ ನೋಡಿದರೂ ಹುಲ್ಲಿನಲ್ಲಿ ‘ಹುಳು’ ಕಾಣದಿದ್ದುದು ಇದಕ್ಕೇ.

ಹುಲ್ಲಿನೊಂದಿಗೆ ಕೋಶ ಎಮ್ಮೆಯ ಕರುಳಿಗೆ ಹೋದಾಗ ಕವಚ ಒಡೆಯುತ್ತದೆ. ಹೊರಬಂದ ಎಳೆಯ ಹುಳು ಪಿತ್ತನಾಳದ ಬಾಗಿಲು ಹುಡುಕುವುದಿಲ್ಲ. ಕರುಳಿನ ಗೋಡೆಯನ್ನೇ ತೂತು ಮಾಡಿ, ಹೊಟ್ಟೆಯ ಪೊಳ್ಳಿನಲ್ಲಿ ತೆವಳಿ, ಪಿತ್ತಜನಕಾಂಗವನ್ನು ಹೊರಗಿನಿಂದ ಕೊರೆದು ಒಳಹೊಗುತ್ತದೆ. ವಾರಗಟ್ಟಲೆ ಅದನ್ನು ತಿನ್ನುತ್ತ, ಸುರಂಗ ತೋಡುತ್ತ ಅಲೆಯುತ್ತದೆ. ಆಮೇಲೆ ಪಿತ್ತನಾಳ ಸೇರಿ ಬೆಳೆಯುತ್ತದೆ. ಹುಲ್ಲು ಮೇಯ್ದ ಮೂರು ನಾಲ್ಕು ತಿಂಗಳ ನಂತರ ಅದರ ಮೊಟ್ಟೆಗಳು ಸಗಣಿಯಲ್ಲಿ ಕಾಣಿಸುತ್ತವೆ. ಹುಳು ರಕ್ತ ಕುಡಿಯುವುದರಿಂದ ಜಾನುವಾರು ಬಿಳಿಚಿಕೊಳ್ಳುತ್ತದೆ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ನೀರಿನಂಶ ರಕ್ತನಾಳದಿಂದ ಸೋರಿ ತಗ್ಗಿನ ಭಾಗದಲ್ಲಿ ನಿಲ್ಲುತ್ತದೆ. ತಲೆ ಬಗ್ಗಿಸಿ ಮೇಯುವ ಪ್ರಾಣಿಗೆ ತಗ್ಗು ಎಂದರೆ ಗದ್ದದ ಕೆಳಭಾಗ. ಅಜ್ಜಿ ದೃಷ್ಟಿ ತೆಗೆದ ಬಾವು ಅದು.

ಪಾಠದಲ್ಲಿ ಈ ಚಕ್ರದ ಚಿತ್ರವನ್ನು ಕರಿಹಲಗೆಯಿಂದ ಬರೆದುಕೊಳ್ಳುತ್ತ, ‘ನೀರಂಚಿನ ಹುಲ್ಲು’ ಎಂದು ಗುರುತಿಸುವಾಗ ನನ್ನ ಪೆನ್ಸಿಲು ನಿಂತಿತು. ಆ ಹುಲ್ಲಿಗೆ ಎಮ್ಮೆಯನ್ನು ದಿನವೂ ಕರೆದೊಯ್ದವನು ನಾನೇ.

ಯಾವ ಮನೆಯ ಬಗ್ಗೆ ಹುಳುವಿಗೆ ಹಟ?

ಇಲ್ಲೊಂದು ಸೋಜಿಗ. ಫ್ಯಾಸಿಯೋಲಕ್ಕೆ ದೊಡ್ಡ ಮನೆಯ ಬಗ್ಗೆ ಅಷ್ಟೇನೂ ಹಟವಿಲ್ಲ. ದನ, ಎಮ್ಮೆ, ಕುರಿ, ಆಡು, ಜಿಂಕೆ, ಅಪರೂಪಕ್ಕೆ ಮನುಷ್ಯ, ಯಾವ ಕಶೇರುಕ ಸಸ್ತನಿಯಾದರೂ ನಡೆದೀತು. ಬಸವನಹುಳು ಮಾತ್ರ ತನಗೆ ಹೊಂದುವ ಜಾತಿಯದೇ ಆಗಬೇಕು. ಫ್ಯಾಸಿಯೋಲಕ್ಕೆ ಲಿಮ್ನಿಯಾ ಗುಂಪಿನ ಬಸವನಹುಳು ಬೇಕು. ಅದೇ ಕೆರೆಯಲ್ಲಿ ಬೇರೆ ಜಾತಿಯ ಸಾವಿರ ಬಸವನಹುಳುಗಳಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ರೋಗ ಎಲ್ಲಿರಬೇಕೆಂದು ನಿರ್ಧರಿಸುವುದು ದನವಲ್ಲ, ಅಂಗೈಯಲ್ಲಿ ಹಿಡಿಸುವ ಆ ಬಸವನಹುಳು. ದನ ನಡೆದು ಊರಿಂದೂರಿಗೆ ಹೋಗಬಹುದು. ಬಸವನಹುಳು ಇಲ್ಲದ ಒಣ ಸೀಮೆಗೆ ಹೋದರೆ ಅದರ ಹುಳುವಿಗೆ ಮುಂದಿನ ತಲೆಮಾರಿಲ್ಲ.

ಆಂಫಿಸ್ಟೋಮ್‌ಗಳಿಗೂ ಶಿಸ್ಟೋಸೋಮಗಳಿಗೂ ನಮ್ಮಲ್ಲಿ ಹೆಚ್ಚಾಗಿ ಮನೆಯಾಗುವುದು ಇಂಡೋಪ್ಲನಾರ್ಬಿಸ್ ಎಂಬ, ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಬಸವನಹುಳು. ದನಗಳು ಗೊರಕೆ ಹೊಡೆಯುವಂತೆ ಸದ್ದು ಮಾಡುತ್ತ ಉಸಿರಾಡುವುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ರೈತರು ಇದನ್ನು ಗೊರಕೆ ರೋಗ ಎನ್ನುತ್ತಾರೆ. ಇದಕ್ಕೆ ಕಾರಣ ಶಿಸ್ಟೋಸೋಮ ನೇಸಲೆ. 1933ರಲ್ಲಿ ಇದನ್ನು ಹೆಸರಿಸಿದವರು ನಮ್ಮ ದೇಶದವರೇ ಆದ ರಾವ್ ಎಂಬ ವಿಜ್ಞಾನಿ. ಈ ಹುಳು ಮೂಗಿನ ರಕ್ತನಾಳಗಳಲ್ಲಿರುತ್ತದೆ. ಮೂಗಿನೊಳಗೆ ಹೂಕೋಸಿನಂಥ ಗಂಟುಗಳು ಬೆಳೆದು ಉಸಿರಿನ ದಾರಿ ಕಟ್ಟುತ್ತವೆ. ಮೊಟ್ಟೆಗಳು ಸಗಣಿಯಲ್ಲಿ ಬರುವುದಿಲ್ಲ, ಸಿಂಬಳದಲ್ಲಿ ಬರುತ್ತವೆ. ದನ ನೀರು ಕುಡಿಯಲು ಕೆರೆಗೆ ಮೂಗಿಟ್ಟಾಗ ಮೊಟ್ಟೆ ನೇರವಾಗಿ ನೀರಿಗೆ! ಎಮ್ಮೆಗಳಲ್ಲೂ ಈ ಹುಳು ಇರುತ್ತದೆ, ಆದರೆ ಅವು ದನಗಳಷ್ಟು ಗೊರಕೆ ಹೊಡೆಯುವುದಿಲ್ಲ.

ಶಿಸ್ಟೋಸೋಮದ ಸರ್ಕೇರಿಯ ಹುಲ್ಲಿಗಾಗಿ ಕಾಯುವುದಿಲ್ಲ. ನೀರಿನಲ್ಲಿ ನಿಂತ ಪ್ರಾಣಿಯ ಚರ್ಮವನ್ನೇ ಕೊರೆದು ಒಳಹೊಗುತ್ತದೆ. ದನಗಳು ಇಳಿಯುವ ಕೆರೆಯಲ್ಲಿ ಈಜಿದ ಮೇಲೆ, ಅಥವಾ ಗದ್ದೆಯಲ್ಲಿ ನಾಟಿ ಮಾಡಿದ ಮೇಲೆ ಕಾಲುಗಳಲ್ಲಿ ಕೆಂಪು ಗುಳ್ಳೆಯೆದ್ದು ಸಹಿಸಲಾಗದ ತುರಿಕೆ ಬರುವುದುಂಟು. ದನದ ಅಥವಾ ಹಕ್ಕಿಯ ಶಿಸ್ಟೋಸೋಮ ದಾರಿ ತಪ್ಪಿ ನಿಮ್ಮ ಚರ್ಮಕ್ಕೆ ಬಂದಿರುವುದು ಇದಕ್ಕೆ ಒಂದು ಕಾರಣ. ಮನುಷ್ಯ ಅದಕ್ಕೆ ಹೊಂದುವ ಮನೆಯಲ್ಲ, ಚರ್ಮದಲ್ಲೇ ಸಾಯುತ್ತದೆ. ಸಾಯುವಾಗ ತುರಿಕೆ ಕೊಟ್ಟು ಹೋಗುತ್ತದೆ. ನೀರಿನಿಂದ ಬಂದ ಕೂಡಲೇ ಒಣ ಬಟ್ಟೆಯಿಂದ ಮೈಯನ್ನು ಚೆನ್ನಾಗಿ ಉಜ್ಜಿ ಒರೆಸಿಕೊಳ್ಳುವುದರಿಂದ ತೊಂದರೆ ಸ್ವಲ್ಪ ತಗ್ಗುತ್ತದೆ. ತುರಿಕೆ ಹೆಚ್ಚಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮೂರು ಮನೆಯವರು

ಕೆಲವು ಎಲೆಹುಳುಗಳು ಬಸವನಹುಳುವಿನಿಂದ ಹೊರಟು ನೇರವಾಗಿ ಕಶೇರುಕಕ್ಕೆ ಬರದೆ ನಡುವೆ ಇನ್ನೊಂದು ಪ್ರಾಣಿಯಲ್ಲಿ ತಂಗುತ್ತವೆ. ಆ ಪ್ರಾಣಿಯನ್ನು ಯಾರು ತಿನ್ನುತ್ತಾರೋ ಅವರೇ ಮುಂದಿನ ಮನೆ.

ಆಮ್‌ಸ್ಟರ್‌ಡಾಂ ಮೃಗಾಲಯದಲ್ಲಿ ಸತ್ತ ಒಂದು ಬಂಗಾಳ ಹುಲಿಯ ಶ್ವಾಸಕೋಶದಲ್ಲಿ ಸಿಕ್ಕ ಕಾಫಿ ಬೀಜದಂಥ ಹುಳುವಿಗೆ 1878ರಲ್ಲಿ ಆ ಮೃಗಾಲಯದ ನಿರ್ದೇಶಕ ವೆಸ್ಟರ್‌ಮನ್ ಅವರ ಹೆಸರಿಟ್ಟರು. ಅದೇ ಪ್ಯಾರಗೋನಿಮಸ್ ವೆಸ್ಟರ್‌ಮನಿ. ಇದರ ನಡುವಿನ ಮನೆ ಸಿಹಿನೀರಿನ ಏಡಿ. ಈ ಜಾತಿಯ ಹುಳುಗಳು ಮಣಿಪುರದಂಥ ಈಶಾನ್ಯ ರಾಜ್ಯಗಳಲ್ಲಿ ಹಸಿ ಅಥವಾ ಅರೆಬೆಂದ ಏಡಿ ತಿನ್ನುವವರಲ್ಲೂ ಕಾಣಿಸಿಕೊಂಡಿವೆ. ಕೆಮ್ಮಿನಲ್ಲಿ ರಕ್ತ ಬರುವುದರಿಂದ ಅದನ್ನು ಕ್ಷಯವೆಂದು ತಪ್ಪಾಗಿ ತಿಳಿದು ಔಷಧ ಕೊಟ್ಟದ್ದೂ ಇದೆ. ಕಲ್ಕತ್ತದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ ಚೀನೀ ವ್ಯಕ್ತಿಯ ಪಿತ್ತನಾಳಗಳಲ್ಲಿ ಮೆಕಾನೆಲ್ ಎಂಬ ವೈದ್ಯರು ಕಂಡು 1875ರಲ್ಲಿ ವರದಿ ಮಾಡಿದ ಹುಳು ಹಸಿ ಮೀನಿನಿಂದ ಬರುವಂಥದು. ಸಾರು ಮಾಡಿ ಚೆನ್ನಾಗಿ ಬೇಯಿಸಿದ ಏಡಿ, ಮೀನಿನಿಂದ ಇವು ಬರುವುದಿಲ್ಲ, ಹೆದರಬೇಡಿ.

ಎಲ್ಲಕ್ಕಿಂತ ವಿಚಿತ್ರ ಡೈಕ್ರೋಸೀಲಿಯಂ ಎಂಬ ಸಣ್ಣ ಎಲೆಹುಳು. ಇದಕ್ಕೆ ನೀರೇ ಬೇಡ. ಇದರ ಬಸವನಹುಳು ನೆಲದ ಮೇಲಿನದು, ನಡುವಿನ ಮನೆ ಇರುವೆ. ಆದರೆ ಕುರಿ ಇರುವೆಯನ್ನು ಹುಡುಕಿ ತಿನ್ನುವುದಿಲ್ಲವಲ್ಲ? ಇರುವೆಯೊಳಗೆ ಹೋದ ಮರಿಗಳಲ್ಲಿ ಒಂದು ಅದರ ಮಿದುಳಿನ ಬಳಿಯ ನರಗಂಟಿಗೆ ಹೋಗಿ ಕೂರುತ್ತದೆ. ಸಂಜೆ ತಂಪಾದಾಗ ಆ ಇರುವೆ ಗೂಡಿಗೆ ಹೋಗುವುದರ ಬದಲು ಹುಲ್ಲಿನ ತುದಿಗೆ ಹತ್ತಿ, ಹುಲ್ಲನ್ನು ಕಚ್ಚಿ ಹಿಡಿದು ಅಲ್ಲೇ ನಿಲ್ಲುತ್ತದೆ. ಬಿಸಿಲೇರಿದರೆ ಬಿಟ್ಟು ಇಳಿದು ತನ್ನ ಕೆಲಸಕ್ಕೆ ಹೋಗುತ್ತದೆ. ಮರುಸಂಜೆ ಮತ್ತೆ ಹತ್ತುತ್ತದೆ, ಯಾವುದಾದರೂ ಕುರಿ ಬಂದು ಹುಲ್ಲನ್ನು ಮೇಯುವವರೆಗೆ. ಇರುವೆಯ ಈ ಪಾತ್ರವನ್ನು ಅಮೆರಿಕದ ಕ್ರುಲ್ ಮತ್ತು ಮೇಪ್ಸ್ 1952ರಲ್ಲಿ ಬಯಲಿಗೆ ತಂದರು.

ಸರಪಳಿಯ ಕೊಂಡಿ ಎಲ್ಲಿ ಕಳಚಬಹುದು?

ಪಿತ್ತಜನಕಾಂಗದ ಹುಳುವಿಗೆ ಔಷಧಗಳಿವೆ. ಸಗಣಿ ಪರೀಕ್ಷೆ ಮಾಡಿ ಯಾವ ಔಷಧ, ಎಷ್ಟು, ಯಾವಾಗ ಎಂದು ಪಶುವೈದ್ಯರು ಹೇಳುತ್ತಾರೆ. ಎಲ್ಲ ಜಂತಿನ ಔಷಧವೂ ಎಲೆಹುಳುವಿಗೆ ಆಗುವುದಿಲ್ಲ. ಆಗುವವುಗಳಲ್ಲೂ ಹಲವು ದೊಡ್ಡ ಹುಳುವನ್ನಷ್ಟೇ ಕೊಲ್ಲುತ್ತವೆ, ಸುರಂಗ ತೋಡುತ್ತಿರುವ ಎಳೆಯವನ್ನಲ್ಲ. ಅಂಗಡಿಯಿಂದ ಸಿಕ್ಕಿದ್ದನ್ನು ತಂದು ಕುಡಿಸಿ ಸುಮ್ಮನಾಗುವುದು ಸಾಲದು. ನಾಲೆಯ ಅಂಚಿಗೆ ಮತ್ತೆ ಹೊಡೆದುಕೊಂಡು ಹೋದರೆ ಹುಳುವೂ ಮತ್ತೆ ಬರುತ್ತದೆ.

ಕೊಂಡಿ ಕಳಚುವ ಸುಲಭದ ಜಾಗಗಳು ಚಕ್ರದಲ್ಲೇ ಕಾಣುತ್ತವೆ. ಸಗಣಿಯನ್ನು ತಿಪ್ಪೆಗೆ ಹಾಕಿ ಚೆನ್ನಾಗಿ ಕೊಳೆಯಲು ಬಿಟ್ಟರೆ ಆ ಬಿಸಿಗೆ ಮೊಟ್ಟೆಗಳು ಸಾಯುತ್ತವೆ. ದನಗಳಿಗೆ ಕೆರೆಯ ಬದಲು ತೊಟ್ಟಿಯಲ್ಲಿ ನೀರು ಕೊಡಬಹುದು. ನೀರಂಚಿನ ಹುಲ್ಲನ್ನು ಹಸಿಯಾಗಿ ಮೇಯಿಸದೆ, ಕೊಯ್ದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಬಹುದು. ಕೋಶಗಳು ತೇವದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ, ಸುಡುವ ಬಿಸಿಲನ್ನು ತಡೆಯಲಾರವು. ಭತ್ತದ ಹುಲ್ಲಿನಲ್ಲೂ ಕೋಶಗಳಿರುವುದು ಹೆಚ್ಚಾಗಿ ನೀರಿನಲ್ಲಿ ನಿಂತಿದ್ದ ಬುಡದ ಕಡೆ. ಹಸಿ ಹುಲ್ಲನ್ನು ಗದ್ದೆಯಿಂದಲೇ ದನಗಳ ಮುಂದೆ ಎಸೆಯುವುದಕ್ಕಿಂತ, ಒಣಗಿಸಿ ಮೆದೆ ಹಾಕಿ ಆಮೇಲೆ ಕೊಡುವುದು ಒಳ್ಳೆಯದು.

ಬಾತುಕೋಳಿಯಿಂದಲೂ ಸಹಾಯವಿದೆ. ಅವು ಬಸವನಹುಳುಗಳನ್ನು ತಿನ್ನುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಇಂಡೋನೇಷ್ಯದ ಭತ್ತದ ಗದ್ದೆಗಳಲ್ಲಿ ನಡೆದ ಅಧ್ಯಯನಗಳಲ್ಲಿ ಇನ್ನೊಂದು ಸ್ವಾರಸ್ಯ ತಿಳಿಯಿತು. ಬಾತುಕೋಳಿಯ ಕರುಳಿನಲ್ಲಿ ಎಕೈನೋಸ್ಟೋಮ ಎಂಬ ಬೇರೊಂದು ಎಲೆಹುಳು ಇರುತ್ತದೆ. ಅದರ ಮರಿಯೂ 같은 ಬಸವನಹುಳುವನ್ನೇ ಸೇರುತ್ತದೆ. ಒಂದೇ ಬಸವನಹುಳುವಿನೊಳಗೆ ಎರಡರ ರೀಡಿಯಗಳೂ ಇದ್ದರೆ, ಬಾಯಿ ದೊಡ್ಡದಿರುವ ಎಕೈನೋಸ್ಟೋಮದ ರೀಡಿಯ ಫ್ಯಾಸಿಯೋಲದ ಮರಿಗಳನ್ನು ನುಂಗಿಬಿಡುತ್ತದೆ. ದನದ ಕೊಟ್ಟಿಗೆಯ ಪಕ್ಕದಲ್ಲಿ ಬಾತುಕೋಳಿಯ ಗೂಡು ಕಟ್ಟಿ, ಎರಡರ ಗೊಬ್ಬರವನ್ನೂ ಒಟ್ಟಿಗೆ ಗದ್ದೆಗೆ ಬಿಡುವ ಉಪಾಯ ಅಲ್ಲಿಂದ ಹುಟ್ಟಿತು.

ಮಾಡಿ ನೋಡಿ

ಕೆರೆ ಅಥವಾ ನಾಲೆಯ ದಡದಲ್ಲಿ ಒಣಗಿ ಬಿದ್ದ ಬಸವನಹುಳುವಿನ ಚಿಪ್ಪುಗಳನ್ನು ಶಿಕ್ಷಕರ ಜೊತೆ ಹೋಗಿ ಆರಿಸಿ ತನ್ನಿ. ನೀರಿಗೆ ಇಳಿಯಬೇಡಿ, ಜೀವಂತ ಬಸವನಹುಳುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚಿಪ್ಪನ್ನು ಚೂಪು ತುದಿ ಮೇಲಾಗುವಂತೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಚಿಪ್ಪು ತೆಳ್ಳಗಿದ್ದು, ಬಾಯಿ ಅಗಲವಾಗಿ ನಿಮ್ಮ ಬಲಗಡೆಗೆ ತೆರೆದುಕೊಂಡಿದ್ದರೆ ಅದು ಲಿಮ್ನಿಯಾ ಇರಬಹುದು. ಚಕ್ಕುಲಿಯಂತೆ ಚಪ್ಪಟೆ ಸುರುಳಿಯಾಗಿದ್ದರೆ ಇಂಡೋಪ್ಲನಾರ್ಬಿಸ್ ಇರಬಹುದು. ನಿಂಬೆಹಣ್ಣಿನಷ್ಟು ದಪ್ಪಗೆ ಗುಂಡಗಿದ್ದು ಬಾಯಿಗೆ ಗಟ್ಟಿಯಾದ ಮುಚ್ಚಳವಿದ್ದರೆ ಅದು ಪೈಲ, ಫ್ಯಾಸಿಯೋಲಕ್ಕೆ ಬೇಡವಾದ ಮನೆ. ಊರಿನ ನಕ್ಷೆ ಬರೆದು, ಯಾವ ಚಿಪ್ಪು ಎಲ್ಲಿ ಸಿಕ್ಕಿತೆಂದು ಗುರುತು ಹಾಕಿ. ದನಗಳು ನೀರು ಕುಡಿಯುವ, ಮೇಯುವ ಜಾಗಗಳನ್ನು ಅದೇ ನಕ್ಷೆಯಲ್ಲಿ ಬೇರೆ ಬಣ್ಣದಿಂದ ಗುರುತಿಸಿ. ಎರಡು ಬಣ್ಣಗಳು ಕೂಡುವ ಜಾಗ ಎಷ್ಟಿವೆ ಎಂದು ಎಣಿಸಿ, ನಕ್ಷೆಯನ್ನು ನಿಮ್ಮೂರಿನ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರು ಏನು ಹೇಳುತ್ತಾರೆಂದು ಬರೆದುಕೊಂಡು ಬನ್ನಿ.